ಹೊಸ ಕಾರಿನ ಬಾಗಿಲಿಗೆ ಮರುಬಣ್ಣ ಹೊಡೆದಿದ್ದಾರೆ: ಡೆಲಿವರಿ ಬೇಡವೆಂದು ಬಂದಿದ್ದೇನೆ, ಮುಂದೇನು ಮಾಡಲಿ?

ದಾವಣಗೆರೆಯವನು
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಹೊಸ ಕಾರು ತರಲೆಂದು ಹೆಂಡತಿ ಮತ್ತು ತಂದೆಯವರೊಂದಿಗೆ ಷೋರೂಮಿಗೆ ಹೋಗಿದ್ದೆ, ಬರಿಗೈಯಲ್ಲಿ ಮರಳಿ ಬಂದೆವು. ಎಕ್ಸ್ ಷೋರೂಂ ಬೆಲೆ 11.4 ಲಕ್ಷ ರೂಪಾಯಿಯ ಗಾಡಿ. ಮುಂಗಡ ಕೊಟ್ಟಿದ್ದೇನೆ, ಉಳಿದದ್ದು ಬ್ಯಾಂಕ್ ಸಾಲ. ಆಯುಧಪೂಜೆಗೆ ಮೊದಲು ಮನೆಗೆ ಬರಲಿ ಎಂಬುದು ತಂದೆಯವರ ಆಸೆಯಾಗಿತ್ತು.

ಹಾರ ಹಾಕಿ, ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಅರಿಸಿನ ಕುಂಕುಮ ಹಚ್ಚಿ ಎಲ್ಲ ಸಿದ್ಧವಾಗಿತ್ತು. ಷೋರೂಮಿನ ದೀಪದ ಕೆಳಗೆ ಏನೂ ಕಾಣಲಿಲ್ಲ. ಫೋಟೋ ತೆಗೆಯಲೆಂದು ಗಾಡಿಯನ್ನು ಅಂಗಳಕ್ಕೆ ತಂದಾಗ ಇಳಿಬಿಸಿಲು ಓರೆಯಾಗಿ ಬಿದ್ದು, ಬಲಗಡೆಯ ಹಿಂಬಾಗಿಲಿನ ನೀಲಿ ಪಕ್ಕದ ಬಾಗಿಲಿನ ನೀಲಿಗಿಂತ ಒಂದು ಛಾಯೆ ಮಂಕಾಗಿ ಕಂಡಿತು. ಬಾಗಿಲು ತೆರೆದು ನೋಡಿದೆ. ಕಪ್ಪು ರಬ್ಬರ್ ಬೀಡಿಂಗಿನ ಅಂಚಿಗೆ ನೀಲಿ ಬಣ್ಣದ ಧೂಳು ಕೂತಿತ್ತು. ಕೀಲಿನ ಬೋಲ್ಟ್‌ಗಳ ತಲೆಯಲ್ಲಿ ಸ್ಪ್ಯಾನರ್ ತಿರುಗಿಸಿದ ಗುರುತಿತ್ತು, ಬಣ್ಣ ಕಿತ್ತು ಲೋಹ ಇಣುಕುತ್ತಿತ್ತು.

ಕೇಳಿದರೆ ಮೊದಲು ಧೂಳು ಎಂದರು, ಆಮೇಲೆ ಪಾಲಿಷ್ ಮಾಡಿಸಿಕೊಡುತ್ತೇವೆ ಎಂದರು, ಕೊನೆಗೆ ಮ್ಯಾನೇಜರ್ ಬಂದು ನೋಂದಣಿ ನಿಮ್ಮ ಹೆಸರಿಗೆ ಆಗಿಹೋಗಿದೆ, ಇನ್ನು ಗಾಡಿ ನಿಮ್ಮದೇ ಎಂದರು. ತಂದೆಯವರು ಬಣ್ಣ ತಾನೇ, ಹೋಗಲಿ ಬಿಡು ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಬಂದೆ. ನಾನು ಮಾಡಿದ್ದು ಸರಿಯೇ, ಮುಂದೆ ಏನು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಹರಿಹರದ ಗೆಳೆಯ
ಡೆಲಿವರಿ ನೋಟಿಗೆ ಸಹಿ ಹಾಕಿದ್ದೀರೋ ಇಲ್ಲವೋ? ಅದೊಂದನ್ನು ಮೊದಲು ಹೇಳಿ.

ದಾವಣಗೆರೆಯವನು
ಹಾಕಿಲ್ಲ. ಆದರೆ ಹಿಂದಿನ ವಾರ ನೋಂದಣಿ ಅರ್ಜಿಗೆ ಮತ್ತು ವಿಮೆಯ ಕಾಗದಕ್ಕೆ ಸಹಿ ಮಾಡಿಕೊಟ್ಟಿದ್ದೆ. ಆಗ ಗಾಡಿಯನ್ನು ತೋರಿಸಿರಲಿಲ್ಲ.

ಪೇಂಟ್ ಬೂತಿನವನು
ಇಪ್ಪತ್ತು ವರ್ಷದಿಂದ ಬಾಡಿ ಶಾಪ್ ನಡೆಸುತ್ತಿದ್ದೇನೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಬಾಗಿಲಿಗೆ ಹೊರಗೆ ಬಣ್ಣ ಹೊಡೆದಿರುವುದರಲ್ಲಿ ನನಗೆ ಅನುಮಾನವಿಲ್ಲ. ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವಾಗ ಗಾಡಿ ಬರಿಯ ಲೋಹದ ಗೂಡಾಗಿರುತ್ತದೆ, ರಬ್ಬರ್ ಬೀಡಿಂಗ್ ಹಾಕುವುದು ಆಮೇಲೆ. ಆದ್ದರಿಂದ ಬೀಡಿಂಗಿನ ಮೇಲೆ ಬಣ್ಣ ಕೂತಿದೆ ಎಂದರೆ ಗಾಡಿ ಪೂರ್ತಿಯಾದ ಮೇಲೆ ಯಾರೋ ಸ್ಪ್ರೇ ಮಾಡಿದ್ದಾರೆ ಎಂದೇ ಅರ್ಥ. ಕಾರ್ಖಾನೆಯ ಮೇಲ್ಪದರವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಸೀಟು, ವೈರು, ಪ್ಲಾಸ್ಟಿಕ್ ಎಲ್ಲ ಕೂಡಿದ ಗಾಡಿಯನ್ನು ನಮ್ಮ ಬೂತಿನಲ್ಲಿ ಅಷ್ಟು ಕಾಯಿಸಲಾಗದು, 60 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುತ್ತೇವೆ. ಬಳಸುವ ಬಣ್ಣವೂ ಬೇರೆ. ಒಳ್ಳೆಯ ಕೈ ಹೊಡೆದರೆ ಮೊದಲ ದಿನ ವ್ಯತ್ಯಾಸ ಕಾಣದು, ಕೆಲವು ಬೇಸಿಗೆ ಕಳೆದ ಮೇಲೆ ಕಾಣುತ್ತದೆ.

ನನಗೆ ಬಣ್ಣಕ್ಕಿಂತ ಹೆಚ್ಚು ಚಿಂತೆ ತರುವುದು ಕೀಲಿನ ಬೋಲ್ಟ್. ಬರಿಯ ಗೀರು ಬಿದ್ದಿದ್ದರೆ ಬಾಗಿಲು ಬಿಚ್ಚುವ ಅಗತ್ಯವಿರುವುದಿಲ್ಲ. ಬಿಚ್ಚಿದ್ದಾರೆ ಎಂದರೆ ಪೆಟ್ಟು ದೊಡ್ಡದಿತ್ತು, ಇಲ್ಲವೇ ಬಾಗಿಲನ್ನೇ ಬದಲಾಯಿಸಿದ್ದಾರೆ. ಪೇಂಟ್ ಗೇಜ್, ಅಂದರೆ ಬಣ್ಣದ ದಪ್ಪ ಅಳೆಯುವ ಸಾಧನ, ಒಯ್ದು ಅಳೆಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಳಗೆ ಬರುತ್ತದೆ. ಒಂದೇ ಗಾಡಿಯಲ್ಲಿ ಒಂದು ಬಾಗಿಲು ಮಾತ್ರ ಅದರ ಎರಡರಷ್ಟು ತೋರಿಸಿದರೆ ಮೇಲೆ ಇನ್ನೊಂದು ಬಣ್ಣವಿದೆ, ಐನೂರು ಆರುನೂರು ದಾಟಿದರೆ ಕೆಳಗೆ ತಗ್ಗು ತುಂಬುವ ಪುಟ್ಟಿ ಇದೆ. ಹಿಂಬಾಗಿಲಿನ ಪಕ್ಕದ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಮೇಲಿನ ಮೈಹಲಗೆ) ಮತ್ತು ಕೆಳಗಿನ ಹಲಗೆಯನ್ನೂ ಅಳೆಯುವುದನ್ನು ಮರೆಯಬೇಡಿ. ಪೆಟ್ಟು ಬಾಗಿಲಿಗೇ ನಿಂತಿರಬೇಕೆಂದಿಲ್ಲ.

ತುಮಕೂರಿನ ತೆಂಗು
ಇಷ್ಟು ಸಣ್ಣ ವಿಷಯಕ್ಕೆ ಡೆಲಿವರಿ ಬಿಟ್ಟು ಬಂದದ್ದು ಆತುರವಾಯಿತು ಎಂದು ನನ್ನ ಅಭಿಪ್ರಾಯ. ಎಂಜಿನ್, ಗೇರ್, ಬ್ರೇಕಿನಲ್ಲಿ ದೋಷವಿಲ್ಲ. ನಾಳೆ ನಿಮ್ಮೂರಿನ ಪೇಟೆಯಲ್ಲಿ ಯಾರೋ ಬೈಕಿನವನು ಅದೇ ಬಾಗಿಲಿಗೆ ಗೀರಿದರೆ ನೀವೇ ಬಣ್ಣ ಹೊಡೆಸುತ್ತೀರಿ. ಐವತ್ತು ಸಾವಿರ ರೂಪಾಯಿ ರಿಯಾಯಿತಿ, ಹೆಚ್ಚುವರಿ ವಾರಂಟಿ ಬರೆಸಿಕೊಂಡು ಗಾಡಿ ತನ್ನಿ. ನ್ಯಾಯಾಲಯದಲ್ಲಿಯೂ ಇದು ನಿಲ್ಲುವುದಿಲ್ಲ. ಮಾರುತಿ ಉದ್ಯೋಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಬಿಡಿಭಾಗ ಬದಲಿಸಿಕೊಡುವುದಾಗಿ ಬರೆದಿದ್ದರೆ ಇಡೀ ಕಾರನ್ನು ಬದಲಿಸಿಕೊಡಲು ಆಗದು ಎಂದೇ ಹೇಳಿದೆ.

ಧಾರವಾಡದ ವಕೀಲ
ತುಮಕೂರಿನವರು ತೀರ್ಪನ್ನು ಸರಿಯಾಗಿಯೇ ಹೇಳಿದ್ದಾರೆ, ಆದರೆ ಅದು ಈ ಸಂದರ್ಭಕ್ಕೆ ಹೊಂದುವುದಿಲ್ಲ. ಆ ಪ್ರಕರಣದಲ್ಲಿ ಗ್ರಾಹಕರು ಕಾರನ್ನು ಸ್ವೀಕರಿಸಿ ಓಡಿಸಿದ ಮೇಲೆ ದೋಷದ ತಕರಾರು ಬಂದಿತ್ತು, ಆದ್ದರಿಂದ ವಾರಂಟಿಯ ಮಾತು ಮುಂದೆ ಬಂತು. ಇಲ್ಲಿ ಸ್ವೀಕಾರವೇ ಆಗಿಲ್ಲ. ಈ ಎರಡರ ನಡುವೆ ಅಜಗಜಾಂತರವಿದೆ.

1930ರ ಸರಕು ಮಾರಾಟ ಕಾಯ್ದೆಯ 41ನೇ ಕಲಮಿನ ಪ್ರಕಾರ, ಮೊದಲೇ ನೋಡದ ಸರಕನ್ನು ಪರೀಕ್ಷಿಸಲು ತಕ್ಕ ಅವಕಾಶ ಸಿಗುವವರೆಗೆ ಕೊಂಡವನು ಅದನ್ನು ಸ್ವೀಕರಿಸಿದನೆಂದು ಭಾವಿಸುವಂತಿಲ್ಲ. ಸ್ವೀಕಾರ ಯಾವಾಗ ಆಗುತ್ತದೆ ಎಂಬುದನ್ನು 42ನೇ ಕಲಂ ಹೇಳುತ್ತದೆ: ಒಪ್ಪಿದೆನೆಂದು ತಿಳಿಸಿದಾಗ, ತನ್ನದೆಂಬಂತೆ ಬಳಸಿದಾಗ, ಅಥವಾ ಬೇಡವೆಂದು ಹೇಳದೆ ಬಹಳ ಕಾಲ ಇಟ್ಟುಕೊಂಡಾಗ. ಒಮ್ಮೆ ಸ್ವೀಕರಿಸಿದ ಮೇಲೆ, 13ನೇ ಕಲಮಿನಂತೆ, ತಿರಸ್ಕರಿಸುವ ಹಕ್ಕು ಸಾಮಾನ್ಯವಾಗಿ ಹೋಗಿ ನಷ್ಟ ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ಇನ್ನೂ ಒಂದು ಮಾತು ಮುಖ್ಯ. ಮಾರಾಟಕ್ಕೆ ತಕ್ಕ ಗುಣಮಟ್ಟವಿರಬೇಕೆಂಬ 16ನೇ ಕಲಮಿನ ಷರತ್ತು, ಕೊಂಡವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಅನ್ವಯಿಸುವುದಿಲ್ಲ. ಬಣ್ಣ ಬೇರೆಯಾಗಿರುವುದನ್ನು ಕಣ್ಣಾರೆ ಕಂಡು, ಸಹಿ ಹಾಕಿ, ಗಾಡಿ ಮನೆಗೆ ತಂದು ಆಮೇಲೆ ಹೋರಾಡುತ್ತೇನೆ ಎನ್ನುವವರು ಆ ಸಹಿಯಲ್ಲೇ ತಮ್ಮ ವಾದದ ಬಲವನ್ನು ಕೊಟ್ಟುಬಿಟ್ಟಿರುತ್ತಾರೆ. ಕೀ ಮೇಜಿನ ಮೇಲಿಟ್ಟು ಬಂದದ್ದು ಸರಿಯಾದ ಕೆಲಸ.

ಆದರೆ ಬಾಯಲ್ಲಿ ಬೇಡ ಎಂದದ್ದು ಸಾಲದು. ಇವತ್ತೇ ಬರವಣಿಗೆಯಲ್ಲಿ ತಿಳಿಸಿ. ಚಾಸಿಸ್ ಸಂಖ್ಯೆ, ದಿನಾಂಕ, ಹೊತ್ತು, ಕಂಡ ದೋಷಗಳು, ಈ ಕಾರಣಕ್ಕೆ ತಿರಸ್ಕರಿಸಿದ್ದೇನೆ ಎಂಬ ಒಂದು ವಾಕ್ಯ, ಬೇರೆ ಚಾಸಿಸ್ಸಿನ ಗಾಡಿ ಅಥವಾ ಪೂರ್ತಿ ಹಣ ಬೇಕೆಂಬ ಬೇಡಿಕೆ, ಉತ್ತರಕ್ಕೆ ಗಡುವು, ಇಷ್ಟಿರಲಿ. ಡೀಲರಿಗೂ ಕಂಪನಿಗೂ ಒಂದೇ ಇಮೇಲಿನಲ್ಲಿ ಕಳಿಸಿ, ಡೀಲರಿಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ.

ಹಳೆಯ ಸೇಲ್ಸ್‌ಮನ್
ಒಂಬತ್ತು ವರ್ಷ ಷೋರೂಮಿನಲ್ಲಿ ಕೆಲಸ ಮಾಡಿ ಬಿಟ್ಟವನು ನಾನು. ಗಾಡಿ ಕಾರ್ಖಾನೆಯಿಂದ ಟ್ರೈಲರಿನಲ್ಲಿ ಬಂದು ಊರ ಹೊರಗಿನ ಸ್ಟಾಕ್‌ಯಾರ್ಡಿನಲ್ಲಿ ಇಳಿಯುತ್ತದೆ. ಇಳಿಸುವಾಗ, ಸಾಲಿನಲ್ಲಿ ನಿಲ್ಲಿಸುವಾಗ, ರಿವರ್ಸ್ ತೆಗೆಯುವಾಗ ತಾಗುವುದು ಅಪರೂಪವೇನಲ್ಲ. ಹಬ್ಬದ ವಾರದಲ್ಲಿ ದಿನಕ್ಕೆ ಮೂವತ್ತು ನಲವತ್ತು ಗಾಡಿ ಹೊರಡುವ ಹೊತ್ತಿಗೆ ಚಾಲಕರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ತಾಗಿದ ಗಾಡಿ ವರ್ಕ್‌ಶಾಪಿಗೆ ಹೋಗುತ್ತದೆ, ರಾತ್ರಿ ಬಣ್ಣವಾಗುತ್ತದೆ, ಬೆಳಿಗ್ಗೆ ಯಾರದೋ ಹೆಸರಿಗೆ ಹಂಚಿಕೆಯಾಗುತ್ತದೆ. ಸ್ಟಾಕಿನಲ್ಲಿ ನಿಂತ ಪ್ರತಿ ಗಾಡಿಗೂ ಡೀಲರ್ ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುತ್ತಾನೆ, ಹಾಗಾಗಿ ಹೇಗಾದರೂ ಹೊರಗೆ ಸಾಗಿಸುವ ಒತ್ತಡ ಮೇಲಿನಿಂದ ಕೆಳಗಿನವರೆಗೂ ಇರುತ್ತದೆ.

ಗಾಡಿ ಮಾರಿದ ಹುಡುಗನ ಮೇಲೆ ಕೂಗಾಡಬೇಡಿ, ಅವನಿಗೆ ಬಹುಮಟ್ಟಿಗೆ ಗೊತ್ತೇ ಇರುವುದಿಲ್ಲ. ನೇರವಾಗಿ ಜನರಲ್ ಮ್ಯಾನೇಜರ್ ಬಳಿ ಕೂತು, ಆ ಚಾಸಿಸ್ಸಿನ ಮೇಲೆ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ (ದುರಸ್ತಿ ಕೆಲಸದ ದಾಖಲೆ) ತೆರೆದಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ನಾನು ಕೆಲಸ ಮಾಡಿದ ಕಡೆ ಈ ಪ್ರಶ್ನೆ ಬಂದ ಕೂಡಲೇ ಮಾತಿನ ದನಿ ಬದಲಾಗುತ್ತಿತ್ತು.

ಇನ್ನೊಂದು ಸಂಗತಿ. ನೋಂದಣಿ ಆಗಿಹೋಗಿದೆ ಎಂಬ ಮಾತನ್ನು ಹಾಗೇ ನಂಬಬೇಡಿ. ನಂಬರ್ ಪ್ಲೇಟ್ ಇತ್ತೇ?

ದಾವಣಗೆರೆಯವನು
ಇರಲಿಲ್ಲ. ಗಾಜಿನ ಮೇಲೆ ತಾತ್ಕಾಲಿಕ ಸಂಖ್ಯೆಯ ಕಾಗದ ಅಂಟಿಸಿದ್ದರು. ಪ್ಲೇಟ್ ನಾಲ್ಕು ದಿನದಲ್ಲಿ ಬರುತ್ತದೆ ಎಂದಿದ್ದರು.

ಹಳೆಯ ಸೇಲ್ಸ್‌ಮನ್
ಹಾಗಾದರೆ ವಾಹನ ನೋಂದಣಿಯ ಸರ್ಕಾರಿ ತಾಣವಾದ ಪರಿವಾಹನ್‌ಗೆ ಹೋಗಿ ಅರ್ಜಿ ಯಾವ ಹಂತದಲ್ಲಿದೆ ಎಂದು ಈಗಲೇ ನೋಡಿ. ಜೀವಿತಾವಧಿ ತೆರಿಗೆ ಕಟ್ಟಿದ್ದಾರೋ ಇಲ್ಲವೋ ಎಂಬುದೇ ಮುಖ್ಯ. ನಮ್ಮ ರಾಜ್ಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್, ಡೀಸೆಲ್ ಗಾಡಿಗೆ ಶೇ. 17 ತೆರಿಗೆ, ಅದರ ಮೇಲೆ ಸೆಸ್. ನಿಮ್ಮ ಗಾಡಿಗೆ ಎರಡು ಲಕ್ಷ ದಾಟುತ್ತದೆ. ಆ ಹಣ ಖಜಾನೆಗೆ ಹೋಗಿದ್ದರೆ ಡೀಲರ್ ಹಠ ಹಿಡಿಯುತ್ತಾನೆ, ಹೋಗಿಲ್ಲವಾದರೆ ಬಗ್ಗುತ್ತಾನೆ.

ಮಂಗಳೂರಿನ ಅಕ್ಕ
ಕಳೆದ ವರ್ಷ ನನ್ನ ಗಾಡಿಯಲ್ಲೂ ಹೀಗೇ ಆಯಿತು, ಆದರೆ ನಾನು ಮೊದಲೇ ಯಾರ್ಡಿಗೆ ಹೋಗಿದ್ದೆ. ನನಗೆ ಕಾರಿನ ತಾಂತ್ರಿಕ ವಿಷಯ ಅಷ್ಟೇನೂ ತಿಳಿಯದು. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ ಎಂದು ತಮ್ಮ ಹೇಳಿಕೊಟ್ಟಿದ್ದ. ನಾಲ್ಕು ಟೈರುಗಳಲ್ಲಿ ಮೂರು ಒಂದೇ ತಿಂಗಳಿನವು, ಒಂದು ಮಾತ್ರ ಅವಕ್ಕಿಂತ ಹದಿನಾಲ್ಕು ತಿಂಗಳು ಹಳೆಯದು. ಗಾಡಿ ಬೇಡ ಎಂದೆ. ಇಷ್ಟಕ್ಕೆಲ್ಲ ಯಾರಮ್ಮ ಬೇಡ ಅಂತಾರೆ ಎಂದರು, ನಾನು ಅಂತೀನಿ ಎಂದೆ. ನೋಂದಣಿಗೆ ಕಾಗದ ಹೋಗಿರಲಿಲ್ಲವಾದ್ದರಿಂದ ಐದು ದಿನದಲ್ಲಿ ಬೇರೆ ಗಾಡಿ ಕೊಟ್ಟರು.

ಶಿವಮೊಗ್ಗದ ಮಳೆ
ನನ್ನದು ಉಲ್ಟಾ ಕಥೆ. ಡೆಲಿವರಿಯ ದಿನವೇ ಗೇರ್ ಬಾಕ್ಸಿನಲ್ಲಿ ಸಣ್ಣ ಸದ್ದು ಕೇಳಿತ್ತು. ಓಡಿದಂತೆಲ್ಲ ಹೋಗುತ್ತದೆ ಎಂದರು, ನಂಬಿ ತಂದೆ. ಏಳು ಸಲ ವರ್ಕ್‌ಶಾಪಿಗೆ ಬಿಟ್ಟೆ. ಗ್ರಾಹಕರ ಆಯೋಗದಲ್ಲಿ ಮೂರು ವರ್ಷ ಅಲೆದ ಮೇಲೆ ಗೇರ್ ಬಾಕ್ಸ್ ಬದಲಿಸಿಕೊಡಲು ಮತ್ತು ಅಲ್ಪ ಪರಿಹಾರ ಕೊಡಲು ಆದೇಶವಾಯಿತು. ಆ ಮೂರು ವರ್ಷವೂ ಸಾಲದ ಕಂತು ಕಟ್ಟಿದ್ದೇನೆ. ಬಾಗಿಲಲ್ಲೇ ಬೇಡ ಎನ್ನುವ ಧೈರ್ಯ ನನಗೆ ಇದ್ದಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ತುಮಕೂರಿನ ತೆಂಗು
ಗೇರ್ ಬಾಕ್ಸ್ ಬೇರೆ, ಬಣ್ಣ ಬೇರೆ. ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪೇಂಟ್ ಬೂತಿನವನು
ಬೇರೆಯೇ, ಒಪ್ಪುತ್ತೇನೆ. ಆದರೆ ಗಾಡಿ ಮಾರುವ ದಿನ ನನ್ನಂಥವನು ಗೇಜ್ ಹಿಡಿದು ಬರುತ್ತಾನೆ. ಆ ಬಾಗಿಲಿನ ಅಂಕಿ ನೋಡಿ ಅಪಘಾತದ ಗಾಡಿ ಎಂದು ಬರೆಯುತ್ತಾನೆ. ಆಗ ಇದು ಷೋರೂಮಿನಲ್ಲೇ ಆದದ್ದು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಐವತ್ತು ಸಾವಿರದ ರಿಯಾಯಿತಿ ಅಂದೇ ಕರಗಿಹೋಗುತ್ತದೆ.

ಬ್ಯಾಂಕ್ ಕೌಂಟರ್
ಸಾಲದ ವಿಷಯವನ್ನು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬ್ಯಾಂಕ್ ಹಣವನ್ನು ನೇರವಾಗಿ ಡೀಲರಿಗೆ ಕಳಿಸುತ್ತದೆ, ಕಳಿಸಿದ ದಿನದಿಂದ ಬಡ್ಡಿ ನಿಮ್ಮ ತಲೆಯ ಮೇಲೆ ಓಡುತ್ತದೆ. ಗಾಡಿ ಬರಲಿಲ್ಲವೆಂದು ಕಂತು ನಿಲ್ಲಿಸಿದರೆ ಕೆಡುವುದು ನಿಮ್ಮ ಕ್ರೆಡಿಟ್ ಅಂಕ, ಡೀಲರಿನದಲ್ಲ. ಆದ್ದರಿಂದ ಕಂತು ತಪ್ಪಿಸಬೇಡಿ, ಆದರೆ ತಿರಸ್ಕಾರದ ಪತ್ರದ ಪ್ರತಿಯನ್ನು ಶಾಖೆಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಅಡಮಾನವಿರುವ ಗಾಡಿಯ ಚಾಸಿಸ್ ಸಂಖ್ಯೆ ಬ್ಯಾಂಕಿನ ಕಾಗದದಲ್ಲೂ ಬದಲಾಗಬೇಕು. ವಿಮೆಯ ಪಾಲಿಸಿಯಲ್ಲೂ ಹಾಗೆಯೇ, ಇಲ್ಲದಿದ್ದರೆ ಕ್ಲೇಮಿನ ದಿನ ತೊಂದರೆಯಾಗುತ್ತದೆ.

ಲೀಡ್ಸ್ ಕನ್ನಡಿಗ
ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು, ಅದು ಕಾರಿಗೂ ಅನ್ವಯಿಸುತ್ತದೆ. ನಮ್ಮ ದೇಶದಲ್ಲಿ ಅಂಥ ನಿಯಮ ಏಕಿಲ್ಲ? ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯ ಹೊಸ ಕಾಯ್ದೆಯಲ್ಲಿ ಇದೆ ಎಂದು ಓದಿದ್ದೆ, ಅದನ್ನು ಬಳಸಬಾರದೇ?

ಧಾರವಾಡದ ವಕೀಲ
ಆ ಅಧ್ಯಾಯ ಇಲ್ಲಿ ಉಪಯೋಗಕ್ಕೆ ಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂದರೆ ದೋಷಯುಕ್ತ ವಸ್ತುವಿನಿಂದ ಜನರಿಗೆ ಅಥವಾ ಬೇರೆ ಆಸ್ತಿಗೆ ಆದ ಹಾನಿ. ಆ ವಸ್ತುವಿಗೇ ಆದ ಹಾನಿ ಅದರೊಳಗೆ ಸೇರುವುದಿಲ್ಲ. ಏರ್‌ಬ್ಯಾಗ್ ತೆರೆಯದೆ ಗಾಯವಾದಂಥ ಪ್ರಸಂಗಗಳಲ್ಲಿ ಆ ದಾರಿಯನ್ನು ಯೋಚಿಸಬೇಕು. 2022ರಲ್ಲಿ ಹ್ಯುಂಡೈ ಕ್ರೆಟಾದ ಏರ್‌ಬ್ಯಾಗ್ ಪ್ರಕರಣದಲ್ಲಿ ಗಾಡಿ ಬದಲಿಸಿಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇಂಥ ಸನ್ನಿವೇಶದಲ್ಲಿ.

ಇಲ್ಲಿ ಬೇಕಾದದ್ದು ಸರಳವಾಗಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೋಷ ತೆಗೆಸುವುದು, ಬದಲಿ ಕೊಡಿಸುವುದು, ಹಣ ವಾಪಸ್ ಕೊಡಿಸುವುದು, ಈ ಮೂರೂ ಆಯೋಗದ ಅಧಿಕಾರದಲ್ಲಿವೆ.

ಹರಿಹರದ ಗೆಳೆಯ
ಒಂದು ಕೋಟಿ ರೂಪಾಯಿವರೆಗಿನ ದೂರು ಜಿಲ್ಲಾ ಆಯೋಗಕ್ಕೆ ಹೋಗುತ್ತದೆ, ಅಲ್ಲವೇ?

ಧಾರವಾಡದ ವಕೀಲ
ಕಾಯ್ದೆ ಬಂದಾಗ ಒಂದು ಕೋಟಿ ಇತ್ತು, 2021ರ ಡಿಸೆಂಬರಿನ ನಿಯಮದಿಂದ ಅದು 50 ಲಕ್ಷಕ್ಕೆ ಇಳಿದಿದೆ. ಲೆಕ್ಕಕ್ಕೆ ಬರುವುದು ನೀವು ತೆತ್ತ ಬೆಲೆ. ಇವರ ಗಾಡಿಗೆ ಜಿಲ್ಲಾ ಆಯೋಗವೇ ಸಾಕು, ಶುಲ್ಕ 400 ರೂಪಾಯಿ. ಡೀಲರ್ ಬೇರೆ ಊರಿನಲ್ಲಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷದ ಕಾಲಮಿತಿ ಇದೆ. ಅದಕ್ಕೆ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ.

ಕಂಪನಿಯನ್ನು ಎದುರುದಾರರನ್ನಾಗಿ ಮಾಡುವಾಗ ಒಂದು ಎಚ್ಚರಿಕೆ. ಗೋವಾದಲ್ಲಿ 2009ರ ಗಾಡಿಯನ್ನು 2011ರದೆಂದು ಮಾರಿದ ಪ್ರಕರಣದಲ್ಲಿ, ಕಂಪನಿಗೂ ಡೀಲರಿಗೂ ಇರುವುದು ಸ್ವತಂತ್ರ ವ್ಯಾಪಾರಿಗಳ ಸಂಬಂಧ, ಕಂಪನಿಗೆ ತಿಳಿದಿತ್ತೆಂದು ತೋರಿಸದೆ ಅದನ್ನು ಹೊಣೆ ಮಾಡಲಾಗದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಟಾಟಾ ಮೋಟಾರ್ಸನ್ನು ಬಿಟ್ಟಿತು. ಆದ್ದರಿಂದಲೇ ಕಂಪನಿಗೆ ಈಗಲೇ ಇಮೇಲ್ ಹೋಗಬೇಕು. ಹೋದ ಮೇಲೆ ಗೊತ್ತಿರಲಿಲ್ಲ ಎನ್ನಲು ಬಾರದು.

ದಾವಣಗೆರೆಯವನು
ಎಲ್ಲರಿಗೂ ಕೃತಜ್ಞನಾಗಿದ್ದೇನೆ. ನಿನ್ನೆಯಿಂದ ಆದದ್ದನ್ನು ಬರೆಯುತ್ತೇನೆ. ಪರಿವಾಹನ್‌ನಲ್ಲಿ ನೋಡಿದರೆ ತಾತ್ಕಾಲಿಕ ನೋಂದಣಿ ಮಾತ್ರ ಆಗಿದೆ, ಶಾಶ್ವತ ನೋಂದಣಿಗೆ ಅರ್ಜಿ ಸಂಖ್ಯೆ ಹುಟ್ಟಿದೆ, ತೆರಿಗೆ ಕಟ್ಟಿಲ್ಲ. ಮ್ಯಾನೇಜರ್ ನನಗೆ ಹೇಳಿದ್ದು ಸುಳ್ಳು.

ಹಳೆಯ ಕಾರು ಕೊಳ್ಳುವವರಿಗೆ ಗಾಡಿ ನೋಡಿಕೊಡುವ ಪರಿಚಯದವರೊಬ್ಬರಿಂದ ಗೇಜ್ ತಂದು ಇವತ್ತು ಅಳೆದೆ. ಮೂರು ಬಾಗಿಲುಗಳು 105ರಿಂದ 120ರ ಒಳಗೆ ಬಂದವು. ಆ ಬಾಗಿಲು ಮೇಲೆ 245, ಹಿಡಿಕೆಯ ಕೆಳಗೆ 610. ಪಕ್ಕದ ಕ್ವಾರ್ಟರ್ ಪ್ಯಾನೆಲ್ 230. ಗೇಜಿನ ಪರದೆ ಮತ್ತು ಬಾಗಿಲು ಎರಡೂ ಕಾಣುವಂತೆ ವಿಡಿಯೋ ಮಾಡಿಕೊಂಡೆ. ಅಲ್ಲಿಯವರೆಗೆ ನನ್ನೊಡನೆ ಮಾತು ಕಡಿಮೆ ಮಾಡಿದ್ದ ತಂದೆಯವರು ತಾವೇ ಬಗ್ಗಿ 610 ಎಂದು ಗಟ್ಟಿಯಾಗಿ ಓದಿದರು.

ಸಂಜೆ ಡೀಲರಿನಿಂದ ಸಂದೇಶ ಬಂದಿದೆ: ಮೂರು ದಿನದೊಳಗೆ ಗಾಡಿ ಒಯ್ಯದಿದ್ದರೆ ದಿನಕ್ಕೆ 500 ರೂಪಾಯಿ ನಿಲುಗಡೆ ಬಾಡಿಗೆ. ಇದಕ್ಕೆ ಹೆದರಬೇಕೇ?

ಧಾರವಾಡದ ವಕೀಲ
ಹೆದರಬೇಕಿಲ್ಲ. ತಪ್ಪಾಗಿ ನಿರಾಕರಿಸಿದವರಿಗೆ ಮಾತ್ರ 44ನೇ ಕಲಮಿನಲ್ಲಿ ಅಂಥ ಹೊಣೆ ಇದೆ. ನ್ಯಾಯವಾಗಿ ತಿರಸ್ಕರಿಸಿದವರು, 43ನೇ ಕಲಮಿನಂತೆ, ಬೇಡವೆಂದು ತಿಳಿಸಿದರೆ ಸಾಕು, ಸರಕನ್ನು ಮರಳಿಸುವ ಹೊಣೆಯೂ ಅವರ ಮೇಲಿಲ್ಲ. ಅವರ ಸಂದೇಶವನ್ನು ಅಳಿಸಬೇಡಿ. ಆ ಅಂಕಿಗಳನ್ನು ಪತ್ರದಲ್ಲಿ ಸೇರಿಸಿ, ತೆರಿಗೆ ಕಟ್ಟಕೂಡದು, ಶಾಶ್ವತ ನೋಂದಣಿಗೆ ನನ್ನ ಒಪ್ಪಿಗೆ ಇಲ್ಲ ಎಂದು ಸ್ಪಷ್ಟವಾಗಿ ಬರೆದು ಸಾರಿಗೆ ಕಚೇರಿಗೂ ಒಂದು ಪ್ರತಿ ಕೊಡಿ.

ತುಮಕೂರಿನ ತೆಂಗು
ಕ್ವಾರ್ಟರ್ ಪ್ಯಾನೆಲ್ ಕೂಡ ಎಂದ ಮೇಲೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದು ಬೋಲ್ಟ್ ಬಿಚ್ಚಿ ತೆಗೆಯುವ ಭಾಗವಲ್ಲ, ಗಾಡಿಯ ಮೈಗೆ ಬೆಸೆದದ್ದು. ಬಿಡಬೇಡಿ.

ದಾವಣಗೆರೆಯವನು
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಪತ್ರ ತಲುಪಿದ ನಾಲ್ಕನೇ ದಿನ ಕಂಪನಿಯ ಪ್ರಾದೇಶಿಕ ಕಚೇರಿಯಿಂದ ಕರೆ ಬಂತು, ಆರನೇ ದಿನ ಡೀಲರಿನ ಜನರಲ್ ಮ್ಯಾನೇಜರ್ ಇಮೇಲಿನಲ್ಲಿ ಬೇರೆ ಚಾಸಿಸ್ ಸಂಖ್ಯೆ ಕಳಿಸಿದರು. ಜಾಬ್ ಕಾರ್ಡಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಯಾರ್ಡಿಗೆ ಹೋಗಿ, ನೆರಳಿನಲ್ಲಿದ್ದ ಗಾಡಿಯನ್ನು ಬಿಸಿಲಿಗೆ ತರಿಸಿ, ಎರಡು ಗಂಟೆ ನೋಡಿದೆ. ಎಲ್ಲ ಕಡೆ 100ರಿಂದ 125, ಟೈರುಗಳು ಒಂದೇ ತಿಂಗಳಿನವು, ಓಡಿದ್ದು 9 ಕಿಲೋಮೀಟರ್. ಒಪ್ಪಿಗೆಯೆಂದು ಬರೆದುಕೊಟ್ಟ ಮೇಲೆಯೇ ತೆರಿಗೆ ಕಟ್ಟಿಸಿದೆ. ಪಾಲಿಸಿಯ ಮತ್ತು ಬ್ಯಾಂಕಿನ ಕಾಗದದಲ್ಲಿ ಹೊಸ ಸಂಖ್ಯೆ ಬಂದಿದೆ. ಆಯುಧಪೂಜೆ ದಾಟಿತು, ಗುರುವಾರ ಗಾಡಿ ಮನೆಗೆ ಬರುತ್ತದೆ.

ಮಂಗಳೂರಿನ ಅಕ್ಕ
ತುಂಬಾ ಸಂತೋಷವಾಯಿತು. ಆದರೆ ಆ ಮೊದಲನೆಯ ಗಾಡಿ ಎಲ್ಲಿದೆ?

ದಾವಣಗೆರೆಯವನು
ನಾನು ಹೋದ ದಿನ ಅದೇ ಯಾರ್ಡಿನ ಮೂಲೆಯಲ್ಲಿ ನಿಂತಿತ್ತು, ತಾತ್ಕಾಲಿಕ ಸಂಖ್ಯೆಯ ಕಾಗದ ಕಿತ್ತಿದ್ದರು. ಅದನ್ನು ಇನ್ನೊಬ್ಬರಿಗೆ ಮಾರುವಾಗ ದುರಸ್ತಿಯಾದ ವಿಷಯವನ್ನು ಲಿಖಿತವಾಗಿ ತಿಳಿಸುವಿರಾ ಎಂದು ಕೇಳಿ, ಆ ಚಾಸಿಸ್ ಸಂಖ್ಯೆ ಮತ್ತು ಗೇಜಿನ ವಿಡಿಯೋ ಸಹಿತ ಕಂಪನಿಗೆ ಮತ್ತೊಂದು ಇಮೇಲ್ ಕಳಿಸಿದ್ದೇನೆ. ಇಂದಿಗೆ ಮೂರು ದಿನವಾಯಿತು, ಉತ್ತರ ಬಂದಿಲ್ಲ. ನಾಳೆ ಪುನಃ ಬರೆಯುತ್ತೇನೆ.